ಅವರೆ ಚಪ್ಪರ ಮತ್ತು ಮೂವತ್ತೈದು ಸೊನ್ನೆಗಳು

ಚಳಿಗಾಲದ ಮಧ್ಯಾಹ್ನ ಅವರೆ ಚಪ್ಪರದ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತು ನೋಡಿ, ನೆರಳು ಯಾರ ಮಾತನ್ನೂ ಕೇಳುವುದಿಲ್ಲ. ಅರ್ಧ ಪುಟ ಓದುವಷ್ಟರಲ್ಲಿ ಅದು ಒಂದು ಗೇಣು ಸರಿದಿರುತ್ತದೆ. ನಾವು ಗಾಂಭೀರ್ಯವನ್ನೆಲ್ಲ ಬದಿಗಿಟ್ಟು, ಅರ್ಧ ಎದ್ದು, ಕುರ್ಚಿಯನ್ನು ಬೆನ್ನಿನ ಕೆಳಗೆ ಹಿಡಿದುಕೊಂಡೇ ಅದರ ಹಿಂದೆ ಹೋಗಬೇಕಾಗುತ್ತದೆ. ಈ ಭಂಗಿಯಲ್ಲಿ ನನ್ನನ್ನು ಕಂಡಾಗಲೆಲ್ಲ ಹೆಂಡತಿ ನಗುತ್ತಾಳೆ. ನೆರಳಿಗಾಗಿ ಹೀಗೆ ಪಾಡು ಪಟ್ಟ ಮಹನೀಯರು ಪುರಾತನ ಕಾಲದಲ್ಲೂ ಇದ್ದರೆಂದು ನಾನು ಸಮರ್ಥಿಸಿಕೊಳ್ಳುತ್ತೇನೆ. ಅಂಥವರೊಬ್ಬರ ಪರಿಚಯ ನನಗಾದದ್ದು ಎಪ್ಪತ್ತರ ದಶಕದಲ್ಲಿ, ಸಿಂದಗಿ ತಾಲೂಕಿನ ಒಂದು ಹೈಸ್ಕೂಲಿಗೆ ಗಣಿತದ ಮಾಸ್ತರನಾಗಿ ಹೊಸದಾಗಿ ಸೇರಿದ್ದಾಗ.

ಆಗ ನನಗೆ ಇಪ್ಪತ್ತನಾಲ್ಕು. ಆ ವಯಸ್ಸಿನಲ್ಲಿ ಮನುಷ್ಯನಿಗೆ ನ್ಯಾಯದ ಮೇಲೆ ವಿಪರೀತ ಮೋಹ. ನ್ಯಾಯಾಧೀಶನೂ ತಾನೇ ಆಗಿದ್ದರಂತೂ ಕೇಳುವುದೇ ಬೇಡ. ಧಾರವಾಡದ ಪೇಟೆಯಲ್ಲಿ ಬೆಳೆದಿದ್ದ ನಾನು ಒಂಬತ್ತನೆಯ ಇಯತ್ತೆಯ ರೇಖಾಗಣಿತದ ಪರೀಕ್ಷೆಯನ್ನು ಎಳ್ಳಮಾವಾಸ್ಯೆಯ ದಿನವೇ ಇಟ್ಟೆ. ರಜೆಯ ಪಟ್ಟಿಯಲ್ಲಿ ಆ ದಿನ ಇರಲಿಲ್ಲ, ನನಗೆ ಪಟ್ಟಿಯೇ ವೇದವಾಕ್ಯ. ಆದರೆ ಆ ಸೀಮೆಯಲ್ಲಿ ಎಳ್ಳಮಾವಾಸ್ಯೆಯೆಂದರೆ ಊರಿಗೆ ಊರೇ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯಗಳ ಬುಟ್ಟಿ ಕಟ್ಟಿಕೊಂಡು ಚಕ್ಕಡಿಯಲ್ಲಿ ಹೊಲಕ್ಕೆ ಹೋಗುವ ದಿನ. ನಿಂತ ಬಿಳಿಜೋಳದ ಸುತ್ತ ನಡೆಯುತ್ತ ಭೂಮಿತಾಯಿಗೆ ಚರಗ ಚೆಲ್ಲುತ್ತಾರೆ, ಅಂದರೆ ತಂದ ಅಡುಗೆಯಲ್ಲಿ ಒಂದಿಷ್ಟನ್ನು ಕಲಸಿ ನಾಲ್ಕೂ ದಿಕ್ಕಿಗೆ ಎರಚುತ್ತಾರೆ. ಆಮೇಲೆ ಅಲ್ಲಿಯೇ ಸಾಲಾಗಿ ಕುಳಿತು ಉಣ್ಣುತ್ತಾರೆ. ಅಂದು ಮೂವತ್ತಾರು ಮಕ್ಕಳ ಪೈಕಿ ಪರೀಕ್ಷೆಗೆ ಬಂದವಳು ಸೈಕಲ್ ರಿಪೇರಿ ಅಂಗಡಿಯವನ ಮಗಳು ನೀಲವ್ವ ಒಬ್ಬಳೇ. ಸಿಪಾಯಿ ಕೂಡ ಒಮ್ಮೆ ಗಂಟೆ ಬಾರಿಸಿ ಹೊಲದ ದಾರಿ ಹಿಡಿದಿದ್ದ.

ಮರುದಿನ ನಾನು ಮೂವತ್ತೈದು ಸೊನ್ನೆಗಳನ್ನು ಕೈವಾರದಿಂದ ಎಳೆದಷ್ಟು ದುಂಡಗೆ ಬರೆದೆ. ಇವು ವಾರ್ಷಿಕ ಅಂಕಗಳಿಗೆ ಸೇರುತ್ತವೆಂದು ಸಾರಿ, ನೀಲವ್ವನನ್ನು ಎದ್ದು ನಿಲ್ಲಿಸಿ ಆಕೆಯ ವಿಧೇಯತೆಯನ್ನು ಹತ್ತು ನಿಮಿಷ ಕೊಂಡಾಡಿದೆ. ಅಂದಿನಿಂದ ನಾಲ್ವರು ಹುಡುಗಿಯರು ಕೂರುತ್ತಿದ್ದ ಬೆಂಚಿನಲ್ಲಿ ಆಕೆ ಒಬ್ಬಳೇ ಕೂರತೊಡಗಿದಳು. ಸಜ್ಜನರಿಗೆ ಜನ ಗೌರವದಿಂದ ಜಾಗ ಬಿಡುತ್ತಾರೆ ಎಂದುಕೊಂಡೆ. ಮಧ್ಯಾಹ್ನದ ಬುತ್ತಿಯನ್ನು ಆಕೆ ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದುದೂ ನನ್ನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ನಮ್ಮ ಹೆಡ್‌ಮಾಸ್ತರು ಸಮುವೇಲಪ್ಪನವರು ಕ್ರೈಸ್ತರು, ಗದಗಿನ ಕಡೆಯವರು. ಎಳ್ಳಮಾವಾಸ್ಯೆಗೆ ಅವರೂ ಯಾರದೋ ಹೊಲದಲ್ಲಿ ಉಂಡು ಬಂದಿದ್ದರೆಂಬುದು ನನ್ನ ಇನ್ನೊಂದು ದುಃಖ.

“ಇನ್ನೊಮ್ಮಿ ಪರೀಕ್ಷಾ ಇಡ್ರಲ್ಲ ಮಾಸ್ತರ,” ಎಂದರು.

“ಮಾತು ಕೇಳಿದಾಕಿಗೂ ಕೇಳದವ್ರಿಗೂ ಒಂದ ನ್ಯಾಯ ಏನ್ರಿ? ನೀಲವ್ವಗ ಅನ್ಯಾಯ ಆಗೂದಿಲ್ಲೇನ್ರಿ?” ಎಂದೆ.

ಅವರು ಆಜ್ಞೆ ಮಾಡಬಹುದಿತ್ತು, ಮಾಡಲಿಲ್ಲ. “ವಿಚಾರ ಮಾಡ್ರಿ” ಎಂದಷ್ಟೇ ಹೇಳಿ ಹೋದರು. ಜಗಳಕ್ಕೆ ಸಿದ್ಧನಾಗಿ ನಿಂತವನಿಗೆ ಎದುರಿನವರ ತಾಳ್ಮೆಯಷ್ಟು ಪೀಡೆ ಇನ್ನೊಂದಿಲ್ಲ. ಆ ರವಿವಾರ ನಾನು ಬಾಡಿಗೆ ಮನೆಯ ಅವರೆ ಚಪ್ಪರದಡಿ ಮುಖ ಊದಿಸಿಕೊಂಡು ಕುಳಿತೆ. ಪಾಲಕರು ಒಬ್ಬೊಬ್ಬರಾಗಿ ಬಂದು ಕೈಮುಗಿಯುವ ದೃಶ್ಯಕ್ಕಾಗಿ ಕಾಯುತ್ತಿದ್ದೆ. ಬಂದವರು ಸಮುವೇಲಪ್ಪನವರು. ಕುರ್ಚಿಯೊಂದಿಗೆ ನಾನು ನೆರಳಿನ ಬೆನ್ನು ಹತ್ತಿದ್ದನ್ನು ಕಂಡು, ನಗು ತಡೆದುಕೊಂಡು, ಯೆಹೂದಿಗಳ ಹಳೆಯ ಧರ್ಮಗ್ರಂಥದ ಒಂದು ಕಥೆ ತೆಗೆದರು.

ಒಬ್ಬ ಪ್ರವಾದಿ. ಪಾಪ ತುಂಬಿದ ಒಂದು ಮಹಾನಗರಕ್ಕೆ ಹೋಗಿ ಅದರ ನಾಶವನ್ನು ಸಾರು ಎಂದು ದೇವರು ಅವನಿಗೆ ಹೇಳಿದರೆ, ಆತ ಹಡಗು ಹತ್ತಿ ವಿರುದ್ಧ ದಿಕ್ಕಿಗೆ ಓಡಿದ. ಮೀನೊಂದರ ಹೊಟ್ಟೆಯಲ್ಲಿ ಮೂರು ದಿನ ಕಳೆದ ಮೇಲೆ ವಿಧೇಯತೆ ಬಂತು. ಹೋಗಿ, ಇನ್ನು ನಲವತ್ತು ದಿನ ಎಂದು ಸಾರಿದ. ಆಶ್ಚರ್ಯವೆಂದರೆ ಊರು ಅವನ ಮಾತು ಕೇಳಿತು. ಅರಸನಿಂದ ಹಿಡಿದು ದನಕರುಗಳವರೆಗೆ ಎಲ್ಲರೂ ಪಶ್ಚಾತ್ತಾಪದಿಂದ ಗೋಣಿತಟ್ಟು ಹೊದ್ದು ಉಪವಾಸ ಬಿದ್ದರು. ದೇವರು ಕರಗಿಬಿಟ್ಟ. ಪ್ರವಾದಿಗೆ ಸಿಟ್ಟು ನೆತ್ತಿಗೇರಿತು. ಊರು ಸುಡುವುದನ್ನು ನೋಡಿಯೇ ತೀರುತ್ತೇನೆಂದು ಹೊರಗೆ ಗುಡಿಸಲು ಹಾಕಿ ಕುಳಿತ. ದೇವರು ಅವನ ತಲೆಯ ಮೇಲೆ ಒಂದು ಬಳ್ಳಿ ಹಬ್ಬಿಸಿದ, ಮರುದಿನ ಹುಳ ಕಳಿಸಿ ಒಣಗಿಸಿದ. ಬಿಸಿಲಿಗೆ ಈತ ಸಾಯುವ ಮಾತಾಡತೊಡಗಿದ.

“ಆವಾಗ ದೇವರು ಕೇಳ್ಯಾನ್ರಿ,” ಎಂದರು ಸಮುವೇಲಪ್ಪನವರು. “ನೀ ಬೆಳಸಲಾರದ ಬಳ್ಳಿ ಒಣಗಿದ್ದಕ್ಕ ನಿನಗ ಇಷ್ಟು ಸಂಕಟ. ಎಡಗೈ ಬಲಗೈ ತಿಳೀದ ಅಷ್ಟು ಮಂದಿ, ಮ್ಯಾಲ ಅಷ್ಟು ದನಾ ಇರೂ ಊರಿನ ಮ್ಯಾಲ ನನಗ ಕರುಣಾ ಬರಬಾರದೇನು, ಅಂತ.”

“ಅದಕ್ಕ ಪ್ರವಾದಿ ಏನಂದಾನ್ರಿ?”

“ಬರದಿಲ್ರಿ. ಪ್ರಶ್ನಿ ಕೇಳಿ ಕಥಿ ಮುಗದೇತಿ.”

ಉತ್ತರದ ಜಾಗ ಖಾಲಿ ಬಿಟ್ಟ ಪತ್ರಿಕೆ! ಇಂಥದಕ್ಕೆ ನಾನಾದರೆ ಏನು ಕೊಡುತ್ತಿದ್ದೆನೆಂದು ನಿಮಗೆ ಗೊತ್ತೇ ಇದೆ. ಆದರೂ ನಾನು ಸೋಲಲಿಲ್ಲ. ಆ ಪ್ರವಾದಿ ಹಟಕ್ಕೆ ಕುಳಿತವನು, ನಾನು ನೀಲವ್ವನ ಹಿತಕ್ಕಾಗಿ ಕುಳಿತವನು ಎಂದು ನನ್ನ ವಕಾಲತ್ತು ನಾನೇ ವಹಿಸಿಕೊಂಡೆ. ದನಗಳನ್ನೂ ಲೆಕ್ಕಕ್ಕೆ ಹಿಡಿದ ದೇವರು ಒಕ್ಕಲು ಮನೆಯವನೇ ಇರಬೇಕು ಎಂಬುದೊಂದು ಮಾತ್ರ ಮನಸ್ಸಿಗೆ ಹಿತವಾಯಿತು.

ಸೋಮವಾರ ಶಾಲೆ ಬಿಟ್ಟ ಮೇಲೆ ನೀಲವ್ವ ನನ್ನ ಮೇಜಿನ ಹತ್ತಿರ ಬಂದು ತನ್ನ ಉತ್ತರಪತ್ರಿಕೆ ಇಟ್ಟಳು. ಐವತ್ತಕ್ಕೆ ನಲವತ್ತನಾಲ್ಕು ಬಂದಿದ್ದ ಪತ್ರಿಕೆ.

“ಸರ್, ನನಗೂ ಸೊನ್ನಿ ಕೊಡ್ರಿ,” ಎಂದಳು.

ನಾನು ಯಾಕೆಂದು ಕೇಳಿದೆ.

“ನಮಗ ಹೊಲಾ ಇಲ್ರಿ. ಪ್ರತಿ ವರ್ಷಾ ಗೆಳತ್ಯಾರ ತಮ್ಮ ಹೊಲಕ್ಕ ಕರಕೊಂಡು ಹೋಗತಿದ್ರು. ಈ ಸಲನೂ ಕರಿಯಾಕ ಬಂದಿದ್ರು, ನೀವು ಬೈತೀರಂತ ನಾ ಹೋಗಲಿಲ್ರಿ. ಈಗ ಯಾರೂ ಮಾತಾಡವಲ್ರು. ಮುಂದಿನ ವರ್ಷ ಕರಿಯೂದಿಲ್ಲಂತ್ರಿ.”

ಅಷ್ಟು ಹೇಳಿ ಅಳತೊಡಗಿದಳು. ನನಗೆ ನಾಚಿಕೆಯಾಯಿತು, ಈಗ ಬರೆಯುವಾಗಲೂ ಆಗುತ್ತಿದೆ. ಯಾರ ನ್ಯಾಯಕ್ಕಾಗಿ ನಾನು ಊರು ಸುಡಲು ಹೊರಟಿದ್ದೆನೋ, ಆ ಊರಿನಲ್ಲಿ ಆಕೆಯೂ ಇದ್ದಳು. ಮರುದಿನವೇ ಸೊನ್ನೆಗಳನ್ನೆಲ್ಲ ಹೊಡೆದುಹಾಕಿ ಹೊಸ ಪರೀಕ್ಷೆಯ ದಿನ ಹೇಳಿದೆ. ಇದು ನೀಲವ್ವ ಬೇಡಿಕೊಂಡು ತಂದ ವರವೆಂದೂ ಸೇರಿಸಿದೆ. ಮಧ್ಯಾಹ್ನದೊಳಗೆ ಬೆಂಚು ತುಂಬಿತ್ತು. ಎರಡನೆಯ ಪರೀಕ್ಷೆಯಲ್ಲಿ ಆಕೆಗೆ ಬಂದದ್ದು ನಲವತ್ತು. ಗೆಳತಿಯರೊಡನೆ ಹರಟೆ ಹೆಚ್ಚಾಗಿತ್ತೆಂದು ಕಾಣುತ್ತದೆ.

ಮುಂದಿನ ಎಳ್ಳಮಾವಾಸ್ಯೆಗೆ ಆ ಮಕ್ಕಳು ನನ್ನನ್ನೂ ಚಕ್ಕಡಿ ಹತ್ತಿಸಿದರು. ಚರಗ ಚೆಲ್ಲಿದಾಗ ಕಂಡೆ: ಜೋಳ ತಿಂದು ಕಾಟ ಕೊಟ್ಟ ಹಕ್ಕಿಗೂ ಅದರಲ್ಲಿ ಪಾಲಿತ್ತು, ಹಾಜರಿ ಕರೆಯುವವರು ಯಾರೂ ಇರಲಿಲ್ಲ. ಉಣ್ಣಲು ಕುಳಿತಾಗ ಇಡೀ ಹೊಲಕ್ಕೆ ಇದ್ದದ್ದು ಒಂದೇ ಜಾಲಿಗಿಡ. ನಾನು ಬಿಸಿಲಲ್ಲಿ ನಿಂತದ್ದನ್ನು ಕಂಡು ನೀಲವ್ವ ಗೆಳತಿಯರನ್ನು ಒತ್ತಿ ಒಂದಿಷ್ಟು ಜಾಗ ಮಾಡಿದಳು. ನನ್ನ ಕೈಗೆ ಹೋಳಿಗೆ ಹಾಕುತ್ತ, “ಸರ್, ಇವತ್ತ ಪರೀಕ್ಷಾ ಇಲ್ಲಲ್ರಿ?” ಎಂದಳು.

ಇಷ್ಟು ಬರೆಯುವಷ್ಟರಲ್ಲಿ ಅವರೆಯ ನೆರಳು ಮತ್ತೆ ಸರಿದಿದೆ. ಹೆಂಡತಿ ಬಾಗಿಲಲ್ಲಿ ನಿಂತು, ನಾನು ಕುರ್ಚಿಸಮೇತ ಏಳುವುದನ್ನೇ ಕಾಯುತ್ತಿದ್ದಾಳೆ. ಈ ಸಲ ಕುರ್ಚಿಯನ್ನು ಸ್ವಲ್ಪ ಹೆಚ್ಚೇ ಸರಿಸುತ್ತೇನೆ, ಇನ್ನೊಬ್ಬರು ಕೂರುವಷ್ಟು.