ಹತ್ತೊಂಬತ್ತನೆಯ ಬಕೆಟ್

ಬೆಳಗಿನ ಐದೂವರೆ. ಮನೆಯ ಹಿಂದಿನ ಅಂಗಳದಲ್ಲಿ ಮುಚ್ಚಳವಿರುವ ಹದಿನೆಂಟು ಬಕೆಟ್‌ಗಳು ಗೋಡೆಯುದ್ದಕ್ಕೂ ಸಾಲಾಗಿ ಕೂತಿವೆ. ಅರವತ್ತೆರಡರ ಹಿರಿಯರೊಬ್ಬರು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ಒಂದೊಂದೇ ಮುಚ್ಚಳ ತೆಗೆಯುತ್ತಿದ್ದಾರೆ. ಮೊದಲ ಮುಚ್ಚಳಕ್ಕೇ, ಇವರ ಬಗ್ಗೆ ಬರೆಯಲೆಂದು ಬಂದ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಅವರೋ, ಮೂಗನ್ನು ಬಕೆಟ್ಟಿನ ಬಾಯಿಗೇ ತರುತ್ತಾರೆ. "ಈ ಮನೆ ಮಗೂಗೆ ನಿನ್ನೆ ಹೊಟ್ಟೆ ಸರಿ ಇರಲಿಲ್ಲ. ಎಂಟು ಗಂಟೆಗೆ ಫೋನ್ ಮಾಡಿ ಕೇಳ್ಬೇಕು," ಎನ್ನುತ್ತಾ ಮುಂದಿನ ಬಕೆಟ್ಟಿಗೆ ಹೋಗುತ್ತಾರೆ.

ಇವರ ಕೆಲಸ ಎಳೆ ಮಕ್ಕಳ ಬಟ್ಟೆ ಡೈಪರ್ ಒಗೆಯುವುದು. ಸುತ್ತಲಿನ ಏಳೆಂಟು ಬೀದಿಗಳ ಹದಿನೆಂಟು ಮನೆಗಳ ಬಾಗಿಲಿಗೆ ಖಾಲಿ ಬಕೆಟ್ ಇಟ್ಟು, ತುಂಬಿದ್ದನ್ನು ಹೊತ್ತು ತರುತ್ತಾರೆ. ಮಕ್ಕಳಿಗೂ ದೊಡ್ಡವರಿಗೂ ಇವರು 'ಬಕೆಟ್ ತಾತ'. ಹೆಸರಿನ ಬಗ್ಗೆ ಬೇಸರವಿಲ್ಲವೇ ಎಂದರೆ ನಗುತ್ತಾರೆ. "ಜೀವಮಾನದಲ್ಲಿ ಯಾರಿಗೂ ಬಕೆಟ್ ಹಿಡಿದೋನಲ್ಲ ಮೇಡಂ ನಾನು. ಆಸ್ಪತ್ರೆ ಲಾಂಡ್ರೀಲಿ ಇಪ್ಪತ್ತಾರು ವರ್ಷ ಇದ್ರೂ ಸೂಪರ್‌ವೈಸರ್ ಆಗ್ಲಿಲ್ಲ, ಅದಕ್ಕೇ. ಈಗ ನೋಡಿ, ದಿನಾ ಹದಿನೆಂಟು!"

ಹದಿನೆಂಟು ಎಂದವರೇ ಮೆಟ್ಟಿಲ ಕಡೆ ಒಮ್ಮೆ ನೋಡುತ್ತಾರೆ. ಹತ್ತೊಂಬತ್ತನೆಯ ಬಕೆಟ್ ಅಲ್ಲಿಂದ ಇಳಿಯಬೇಕು. ಮಹಡಿಯ ಮೇಲೆ ಮಗಳು, ಅಳಿಯ ಮತ್ತು ಇಪ್ಪತ್ತನಾಲ್ಕು ದಿನದ ಮೊಮ್ಮಗಳು. ಮಗಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ, ಈಗ ಬಾಣಂತನದ ರಜೆ. ಅಪ್ಪ ಒಗೆಯುವುದು ಬಟ್ಟೆ ಡೈಪರ್, ಮಗಳು ಮಾರುವುದು ಪ್ಯಾಕೆಟ್ ಡೈಪರ್. ತನ್ನ ಕೂಸಿಗೂ ಪ್ಯಾಕೆಟ್ಟೇ ಸಾಕು ಎಂದಿದ್ದವಳನ್ನು ತಾತ ಕೇಳಿ ಕೇಳಿ ಒಪ್ಪಿಸಿದ್ದಾರೆ. ಒಂದೇ ವಾರ ನೋಡುತ್ತೇನೆ, ಸರಿಹೋಗದಿದ್ದರೆ ಮತ್ತೆ ಆ ಮಾತೆತ್ತಬಾರದು ಎಂದು ಅವಳ ಷರತ್ತು. ನಾನು ಹೋದದ್ದು ಆ ವಾರದ ಮೂರನೇ ದಿನ, ಬುಧವಾರ. ಊರ ಮಕ್ಕಳನ್ನೆಲ್ಲ ಗೆದ್ದವರು ಸ್ವಂತ ಮನೆಯಲ್ಲಿ ಪರೀಕ್ಷೆಗೆ ಕೂತಿದ್ದಾರೆ.

ಕೆಲಸದ ಲೆಕ್ಕ ಹೀಗಿದೆ. ಹಸುಗೂಸಿಗೆ ದಿನಕ್ಕೆ ಹನ್ನೆರಡು ಹದಿನಾಲ್ಕು ಬಟ್ಟೆ ಬೇಕು, ಕೂರಲು ಕಲಿತ ಮಗುವಿಗೆ ಏಳೆಂಟು ಸಾಕು. ಎಲ್ಲ ಸೇರಿ ದಿನಕ್ಕೆ ನೂರೆಂಬತ್ತರ ಹತ್ತಿರ. ಮೊದಲು ತಣ್ಣೀರಲ್ಲಿ ಜಾಲಿಸಬೇಕು, ಬಿಸಿನೀರು ಮೊದಲೇ ಬಿದ್ದರೆ ಕಲೆ ಕಚ್ಚಿಕೊಳ್ಳುತ್ತದೆ. ಆಮೇಲೆ ಬಿಸಿನೀರು, ಸೋಪಿನ ಪುಡಿ, ಎರಡು ಯಂತ್ರ, ಮತ್ತೆರಡು ಸಲ ನೀರು, ಕೊನೆಗೆ ಐದು ಹಗ್ಗ ಮತ್ತು ಬಿಸಿಲು. ಒಣಗಿದೆಯೇ ಎಂದು ತಾತ ಕೈಯಲ್ಲಿ ಮುಟ್ಟಿ ನೋಡುವುದಿಲ್ಲ, ಕೆನ್ನೆಗೆ ಒತ್ತಿಕೊಳ್ಳುತ್ತಾರೆ. ಬಟ್ಟೆ ಒಗೆಯುವ ಸೋಡಾದ ನೀರಿನಲ್ಲಿ ನೆಂದು ನೆಂದು ಅಂಗೈ ಚಪ್ಪಲಿಯ ಅಟ್ಟೆಯಂತಾಗಿದೆ, ಹಸಿ ಯಾವುದು ಒಣ ಯಾವುದು ಅದಕ್ಕೆ ತಿಳಿಯುವುದಿಲ್ಲ. ನೂರೆಂಬತ್ತು ಬಟ್ಟೆಯೂ ದಿನಾ ಅವರ ಕೆನ್ನೆ ಸವರಿಯೇ ಮಕ್ಕಳ ಮೈಗೆ ಹೋಗುತ್ತವೆ.

ಈ ವಿದ್ಯೆ ಕಲಿತದ್ದು ಲಾಂಡ್ರಿಯಲ್ಲಲ್ಲ, ಮನೆಯಲ್ಲಿ. ಮಗಳು ಹುಟ್ಟಿದಾಗ ಹೆಂಡತಿಗೆ ದೊಡ್ಡ ಆಪರೇಷನ್ ಆಗಿ ಒಂದೂವರೆ ತಿಂಗಳು ಏಳಲಾಗಲಿಲ್ಲ. ಕೂಸನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. "ಮೊದಲನೇ ದಿನ ಇವರು ಕಟ್ಟಿದ ಲಂಗೋಟಿ ಮಗೂನ ಕಂಕುಳ ತನಕ ಇತ್ತು. ಮಗು ಎಲ್ಲಿ ಅಂತ ಹುಡುಕ್ಬೇಕಿತ್ತು," ಎಂದು ಹೆಂಡತಿ ಬಟ್ಟೆ ಮಡಚುತ್ತಲೇ ಕಾಲೆಳೆಯುತ್ತಾರೆ. ಹಳೆಯ ಹಾಸಿಗೆ ಹೊದಿಕೆ ಹರಿದು, ಕಟ್ಟಿ, ಬಿಚ್ಚಿ, ಒಗೆದು ಕಲಿತರು. ಮುಂದೆ ಆಸ್ಪತ್ರೆ ಲಾಂಡ್ರಿ ಮುಚ್ಚಿದಾಗ ಕೈಯಲ್ಲಿ ಉಳಿದಿದ್ದು ಇದೊಂದೇ.

ಅದೇ ಮಗಳು ಮೂರನೇ ತರಗತಿಯಲ್ಲಿದ್ದಾಗ ಒಂದು ದಿನ ಅಳುತ್ತಾ ಬಂದಳಂತೆ. ಲಾಂಡ್ರಿ ಕೆಲಸದವನ ಮಗಳೆಂದು ಜೊತೆಯ ಮಕ್ಕಳು ಮೂಗು ಮುಚ್ಚಿಕೊಂಡಿದ್ದರು. ಅಂದಿನಿಂದ ಯಾರು ಕೇಳಿದರೂ 'ಅಪ್ಪ ಆಸ್ಪತ್ರೇಲಿದಾರೆ' ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದಳು. "ಎಷ್ಟೋ ಜನ ನನ್ನನ್ನ ರೋಗಿ ಅಂತಲೇ ತಿಳ್ಕೊಂಡಿದ್ರು," ಎಂದು ತಾತ ನಗುತ್ತಾರೆ. ನನಗೆ ನಗು ಬರಲಿಲ್ಲ.

ಪ್ರತಿ ಗುರುವಾರ ಮಧ್ಯಾಹ್ನ ಮುಂದಿನ ಕೋಣೆಯಲ್ಲಿ ಹೊಸ ಅಪ್ಪ ಅಮ್ಮಂದಿರಿಗೆ ಪಾಠ. ಫೀಸಿಲ್ಲ. ಒಂದು ಪುಟ್ಟ ದಿಂಬೇ ಮಗು. ಸೊಂಟದಲ್ಲೂ ತೊಡೆಯಲ್ಲೂ ಎರಡು ಬೆರಳು ನುಗ್ಗುವಷ್ಟು ಸಡಿಲ ಇರಬೇಕು, ಎರಡು ಗಂಟೆಗೊಮ್ಮೆ ಬಿಚ್ಚಿ ನೋಡಬೇಕು, ಗಂಡು ಮಗುವಾದರೆ ಮುಂದೆ ಒಂದು ಮಡಿಕೆ ಜಾಸ್ತಿ. ಹಿಂದಿನ ವಾರ ಗಂಡ ಹೆಂಡತಿ ಇಬ್ಬರು ಆನೆ ಚಿತ್ರದ ಎರಡು ಡಜನ್ ಹೊಸ ಡೈಪರ್ ತಂದು, ಎಲ್ಲವೂ ಸೋರುತ್ತವೆ ಎಂದು ಮುಖ ಇಳಿಸಿ ಕೂತಿದ್ದರಂತೆ. ಹೊಸ ಬಟ್ಟೆಯಲ್ಲಿ ಹತ್ತಿಯ ಎಣ್ಣೆಯಂಶ ಇರುತ್ತದೆ, ಐದಾರು ಸಲ ಒಗೆದ ಮೇಲೇ ಅದು ನೀರು ಕುಡಿಯಲು ಕಲಿಯುತ್ತದೆ ಎಂದು ತಿಳಿಸಿ ಕಳಿಸಿದ್ದಾರೆ. "ಎರಡು ಡಜನ್ ಯಾಕೆ? ಮೊದಲು ಮೂರೇ ಮೂರು ತಗೊಳ್ಳಿ. ಹಗಲು ಹೊತ್ತು, ಮನೇಲಿದ್ದಾಗ ಕಟ್ಟಿ. ಮಗೂಗೂ ಅಭ್ಯಾಸ ಆಗ್ಲಿ, ನಿಮಗೂ ಆಗ್ಲಿ." ಇದು ಅವರ ಮೊದಲ ಮಾತು.

ಕೊನೆಯ ಮಾತು ಇನ್ನೂ ಗಟ್ಟಿ. ಬಟ್ಟೆ ಮೆತ್ತಗಾಗಲೆಂದು ಕೊನೆಯ ನೀರಿಗೆ ಹಾಕುವ ಪರಿಮಳದ ದ್ರಾವಣವನ್ನು ಡೈಪರ್ ಹತ್ತಿರಕ್ಕೂ ತರಕೂಡದು. ಅದು ನೂಲಿಗೆ ಮೇಣದಂತೆ ಅಂಟಿಕೊಂಡು ಬಟ್ಟೆ ನೀರು ಹೀರುವುದನ್ನೇ ಮರೆಯುತ್ತದೆ. ಅನುಮಾನ ಬಂದರೆ ಒಂದು ಹನಿ ನೀರು ಬಿಟ್ಟು ನೋಡಬೇಕು, ಹನಿ ಇಂಗಿದರೆ ಬಟ್ಟೆ ಸರಿಯಿದೆ ಎಂದರ್ಥ. ನನಗೆ ಇದನ್ನೆಲ್ಲ ಕೇಳಿ ಹೊಟ್ಟೆ ಉರಿಯಿತು. ನನ್ನ ಮಗನಿಗೆ ಎರಡೇ ದಿನ ಬಟ್ಟೆ ಕಟ್ಟಿ ಕೈಚೆಲ್ಲಿದವಳು ನಾನು. ಆಗ ಈ ಮನುಷ್ಯ ಎಲ್ಲಿದ್ದರೋ!

ಆ ಬುಧವಾರ ಹತ್ತು ಗಂಟೆಗೆ ಮಗಳು ಇಳಿದು ಬರುತ್ತಾಳೆ. ಒಂದು ತೋಳಲ್ಲಿ ಅಳುವ ಕೂಸು, ಇನ್ನೊಂದರಲ್ಲಿ ಒಣಗಿದ ಡೈಪರ್‌ಗಳ ಗಂಟು. ಹಾಸಿಗೆಯೆಲ್ಲ ಒದ್ದೆ, ಕೂಸಿನ ತೊಡೆಯ ಸಂದಿ ಕೆಂಪು. "ಅಪ್ಪ, ನನ್ನಿಂದ ಆಗಲ್ಲ. ಊರಿಗೆಲ್ಲ ಸರಿಹೋಗಿರಬಹುದು, ನನ್ನ ಮಗೂಗೆ ಬೇಡ," ಎನ್ನುತ್ತಾಳೆ. ದನಿ ಎತ್ತುವುದಿಲ್ಲ, ಗಂಟನ್ನು ಕಲ್ಲಿನ ಮೇಲೆ ಇಟ್ಟುಬಿಡುತ್ತಾಳೆ.

ತಾತ ಅಭ್ಯಾಸಬಲದಿಂದ ಗಂಟಿನಿಂದ ಒಂದು ಬಟ್ಟೆ ಎಳೆದು, ಬೆರಳ ತುದಿಯಿಂದ ಹನಿ ಬಿಡುತ್ತಾರೆ. ಹನಿ ಇಂಗುವುದಿಲ್ಲ, ಗುಂಡಗೆ ಕೂತು ಅಂಚಿಗೆ ಉರುಳುತ್ತದೆ. ಇನ್ನೊಂದು ಬಟ್ಟೆಯೂ ಹಾಗೆಯೇ. ತಾತನ ಮುಖ ಕಪ್ಪಿಡುತ್ತದೆ. ಈ ಹನ್ನೆರಡು ಬಟ್ಟೆಗಳನ್ನು ಅವರು ಯಂತ್ರಕ್ಕೆ ಹಾಕದೆ ಬೇರೆಯಾಗಿ, ಕೈಯಲ್ಲೇ ಒಗೆದಿದ್ದರು. ಎಷ್ಟು ಒಗೆದರೂ ಕೆನ್ನೆಗೆ ಒರಟು ಅನಿಸಿತ್ತು, ಮೊಮ್ಮಗಳಿಗೆ ಚುಚ್ಚೀತೆಂದು ಭಯವಾಗಿತ್ತು. ಕೊನೆಗೆ ಹೆಂಡತಿಯ ಉಣ್ಣೆ ಶಾಲಿಗೆಂದು ತಂದಿಟ್ಟಿದ್ದ ಪರಿಮಳದ ದ್ರಾವಣವನ್ನೇ ಎರಡು ಮುಚ್ಚಳ ಸುರಿದಿದ್ದರು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಟ್ಟೆ ಕೂಸಿಗೆ ಒಗ್ಗಲಿಲ್ಲ ಎಂದುಕೊಂಡು ಮಗಳು ಮೇಲೆ ಹೋಗುತ್ತಿದ್ದಳು. ತಾತ ಆ ಬಟ್ಟೆಯನ್ನು ಕೈಯಲ್ಲಿ ಹಿಡಿದೇ ಹೇಳುತ್ತಾರೆ: "ತಪ್ಪು ಬಟ್ಟೇದಲ್ಲ ಮಗಳೇ, ನಂದು. ಯಾರೂ ಹಾಕ್ಬಾರ್ದು ಅಂತ ಹೇಳೋದನ್ನ ನಾನೇ ಹಾಕ್ಬಿಟ್ಟೆ. ಮೆತ್ತಗಿರ್ಲಿ ಅಂತ." ಆಮೇಲೆ ನನ್ನ ಕಡೆ ತಿರುಗಿ, "ಇದನ್ನೂ ಬರೀರಿ ಮೇಡಂ," ಎನ್ನುತ್ತಾರೆ. ಹೆಂಡತಿಗೂ ಆ ಹೊತ್ತಿಗೆ ತಮಾಷೆ ಹೊಳೆಯುವುದಿಲ್ಲ. ಮಗಳು ಅಪ್ಪನ ಮುಖವನ್ನೇ ಒಂದು ಗಳಿಗೆ ನೋಡಿ, ಕೂಸನ್ನೆತ್ತಿಕೊಂಡು ಮೇಲೆ ಹೋಗುತ್ತಾಳೆ. ಕೆಂಪು ಇಳಿಯುವ ತನಕ ಏನೂ ಕಟ್ಟಬೇಡ, ಬರಿಮೈಲಿ ಮಲಗಿಸು ಎಂದು ತಾತ ಮೆಟ್ಟಿಲ ಬುಡದಿಂದ ಕೂಗಿ ಹೇಳುತ್ತಾರೆ. ಅಂದು ಮಧ್ಯಾಹ್ನ ಆ ಹನ್ನೆರಡು ಬಟ್ಟೆ ಕುದಿಯುವ ನೀರಲ್ಲಿ ಮೂರು ಸಲ ಮುಳುಗಿ ಏಳುತ್ತವೆ, ನೊರೆ ಬರುವುದು ಪೂರ್ತಿ ನಿಲ್ಲುವ ತನಕ.

ಸೋಮವಾರ ಮತ್ತೆ ಹೋಗುತ್ತೇನೆ. ವಾರದ ಗಡುವು ಮುಗಿದಿದೆ. ಗೋಡೆಯ ಬದಿಯಲ್ಲಿ ಎಣಿಸಿದರೆ ಹದಿನೆಂಟೇ. ಶುಕ್ರವಾರ ಕೂಸಿನ ಕೆಂಪು ಇಳಿದಿದೆ, ಶುದ್ಧವಾದ ಬಟ್ಟೆಗಳನ್ನು ಮಗಳೇ ಬಂದು ಒಯ್ದಿದ್ದಾಳೆ. ಆಮೇಲೆ ಮೂರು ದಿನವಾದರೂ ಬಕೆಟ್ ಇಳಿದಿಲ್ಲ. ಕೇಳಬಾರದಿತ್ತೇ ಎಂದರೆ ತಾತ ತಲೆಯಾಡಿಸುತ್ತಾರೆ. "ಕೇಳಿ, ಅವಳು ಬೇಡ ಅಂದ್ಬಿಟ್ರೆ? ಕೇಳದಿದ್ರೆ ಇನ್ನೂ ಆಸೆ ಇರುತ್ತೆ."

ಹಗ್ಗದಿಂದ ಬಟ್ಟೆ ತೆಗೆಯುತ್ತಾ ಒಂದೊಂದನ್ನೇ ಕೆನ್ನೆಗೆ ಒತ್ತುತ್ತಿರುವಾಗ ಮೆಟ್ಟಿಲ ಮೇಲೆ ಸದ್ದಾಗುತ್ತದೆ. ಮಗಳು. ಕೈಯಲ್ಲಿ ಮುಚ್ಚಳವಿರುವ ಬಕೆಟ್. ಅದನ್ನು ಸಾಲಿನ ಕೊನೆಗೆ ಇಟ್ಟು ಸೆರಗಿಗೆ ಕೈ ಒರೆಸಿಕೊಳ್ಳುತ್ತಾಳೆ. ತಪ್ಪು ಬಟ್ಟೆಯದೋ ಅಪ್ಪನದೋ ನೋಡಿಯೇ ಬಿಡೋಣವೆಂದು ಮೂರು ದಿನ ತಾನೇ ಒಗೆದಳಂತೆ. ಹನಿ ಬಿಟ್ಟೂ ನೋಡಿದಳಂತೆ. ಬಟ್ಟೆಯದಲ್ಲ ಎಂಬ ತೀರ್ಪು ಬಂದಿದೆ.

"ಸೊಂಟ ಬಿದ್ದುಹೋಯ್ತು. ಇವತ್ತಿಂದ ನೀನೇ ಒಗಿ," ಎಂದು ಹೇಳಿ ಹೊರಟವಳು ಮೂರನೇ ಮೆಟ್ಟಿಲಲ್ಲಿ ನಿಲ್ಲುತ್ತಾಳೆ. "ಗುರುವಾರ ನಮ್ಮ ಅಂಗಡಿಯಿಂದ ಇಬ್ರು ಬರ್ತಾರೆ, ಪಾಠಕ್ಕೆ. ನಾನೇ ಫೋನ್ ಮಾಡಿ ಹೇಳಿದೆ."

"ಏನಂತ ಹೇಳ್ದೆ?"

"ನಮ್ಮಪ್ಪ ಮಕ್ಕಳ ಡೈಪರ್ ಒಗೀತಾರೆ, ಅವರಷ್ಟು ಚೆನ್ನಾಗಿ ಇನ್ಯಾರಿಗೂ ಬರಲ್ಲ ಅಂತ."

ಅವಳು ಮೇಲೆ ಹೋದ ಮೇಲೂ ತಾತ ಕೈಯಲ್ಲಿದ್ದ ಬಟ್ಟೆಯನ್ನು ಕೆನ್ನೆಯಿಂದ ತೆಗೆಯುವುದಿಲ್ಲ. ಇದು ಇನ್ನೂ ಹಸಿ ಇದೆ ಎಂದು ಗೊಣಗುತ್ತಾರೆ. "ಬಟ್ಟೆ ನಿನ್ನೇನೇ ಒಣಗಿದೆ ರೀ. ಹಸಿ ಇರೋದು ನಿಮ್ಮ ಕೆನ್ನೆ," ಎನ್ನುತ್ತಾರೆ ಹೆಂಡತಿ. ತಾತ ಸಾಲಿನ ಕೊನೆಗೆ ಹೋಗಿ ಕುಕ್ಕರಗಾಲಲ್ಲಿ ಕೂರುತ್ತಾರೆ, ಹತ್ತೊಂಬತ್ತನೆಯ ಬಕೆಟ್ಟಿನ ಮುಚ್ಚಳ ತೆಗೆದು ಮೂಗನ್ನು ಅದರ ಬಾಯಿಗೇ ತರುತ್ತಾರೆ.

"ನಮ್ಮ ಕೂಸಿಗೆ ಹೊಟ್ಟೆ ಚೆನ್ನಾಗಿದೆ," ಎನ್ನುತ್ತಾರೆ.