ಅಕ್ಕನಿಗೆ ಇಳಿಯದ ಹಾಲು

ಅಕ್ಕನ ಹೆರಿಗೆ ಹಾವೇರಿಯಲ್ಲಿ ಆಯಿತು. ಹೆಣ್ಣುಮಗು ಆರೋಗ್ಯವಾಗಿತ್ತು. ಅಕ್ಕನಿಗೆ ಮಾತ್ರ ರಕ್ತ ಹೋಗುವುದು ನಿಲ್ಲಲಿಲ್ಲ. ಬಾಟಲಿ ಮೇಲೆ ಬಾಟಲಿ ರಕ್ತ ಕೊಟ್ಟು ಉಳಿಸಿಕೊಂಡರು. ಆದರೆ ಎದೆಯಲ್ಲಿ ಹಾಲು ಇಳಿಯಲಿಲ್ಲ. ಬ್ಯಾಡಗಿಯ ಅವಳ ಅತ್ತೆ ಹಾಲು ಬರಲೆಂದು ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ, ಅಳವಿ ಬೀಜದ ಪಾಯಸ ಎಲ್ಲ ತಿನ್ನಿಸಿ ನೋಡಿದರು. ಕೊನೆಗೆ, "ಕೂಸಿನ ಮ್ಯಾಲೆ ಮಾಯೆ-ಮಮತೆ ಇದ್ದರ ಹಾಲು ತಾನ ಬರ್ತದ" ಅಂದುಬಿಟ್ಟರು. ಮಗು ಆಕಳ ಹಾಲು ಕುಡಿದು ಅಜ್ಜಿಯ ಮಗ್ಗುಲಲ್ಲೇ ಬೆಳೆಯಿತು.

ಅಕ್ಕ ಸೊರಗುತ್ತ ಹೋದಳು. ಮುಟ್ಟು ಮತ್ತೆ ಬರಲಿಲ್ಲ. ಬೇಸಿಗೆಯಲ್ಲೂ ಕೌದಿ ಹೊದ್ದು ಮಲಗುತ್ತಿದ್ದಳು. ಮನೆಯವರು ಸೋಮಾರಿತನ ಅಂದುಕೊಂಡರು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಅಕ್ಕ ಒಮ್ಮೆ ತಲೆಸುತ್ತಿ ಬಿದ್ದಾಗ ಹುಬ್ಬಳ್ಳಿಯ ವೈದ್ಯರು ಕಾರಣ ಕಂಡುಹಿಡಿದರು. ಹೆರಿಗೆಯಲ್ಲಿ ಅಷ್ಟು ರಕ್ತ ಹೋದಾಗಲೇ ಹಾಲು, ಮುಟ್ಟು, ಮೈಬಿಸಿ ಎಲ್ಲವನ್ನೂ ನಡೆಸುವ, ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಸತ್ತಿತ್ತು. ಅದರಿಂದ ನಡೆಯಬೇಕಾದ ಹಾರ್ಮೋನುಗಳ ಬದಲಿಗೆ ಇನ್ನು ಜೀವನಪೂರ್ತಿ ಗುಳಿಗೆ.

ನಾನು ರಾಣೆಬೆನ್ನೂರಿನಲ್ಲಿ ಕಾಲೇಜು ಹುಡುಗರಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಅಕ್ಕ ನಮ್ಮ ಮನೆಗೆ ಬಂದು, "ಡಾಕ್ಟರ್ ಹೇಳಿದ್ದು ತಿಳೀಲಿಲ್ಲ, ನೀ ಬಿಡಿಸಿ ಹೇಳು" ಅಂದಳು.

"ಹಾಲು ತರಸೂ ಹಾರ್ಮೋನು ಆ ಗ್ರಂಥಿಯ ಕೋಶದಾಗ ಸಣ್ಣ ಸಣ್ಣ ಚೀಲದಾಗ ಇರ್ತದ. ಚೀಲದೊಳಗ ಹುಳಿ, ಆಮ್ಲ. ಆ ಹುಳಿಗೆ ಅದು ಮುದ್ದಿ ಆಗಿ ಕುಂತಿರ್ತದ."

"ಮುದ್ದಿ ಯಾಕ ಆಗಬೇಕು?"

"ಕರಗಿದ್ದರ ಹೊರಗಿನ ನೀರು ಒಳಗ ಎಳಕೋತದ. ಒಣದ್ರಾಕ್ಷಿ ನೀರಾಗ ಹಾಕಿದರ ಉಬ್ಬತದಲ್ಲ, ಹಂಗ ಚೀಲ ಉಬ್ಬಿ ಒಡೀತದ. ಮುದ್ದಿ ಆದರ ಆ ಎಳೆತ ಕಡಿಮಿ. ಕೂಸು ಬಾಯಿ ಹಚ್ಚಿದರ ಚೀಲ ತೆರೀತದ. ರಕ್ತದಾಗ ಆ ಹುಳಿ ಇಲ್ಲ, ಮುದ್ದಿ ಕರಗಿ ಎದಿಗೆ ಮುಟ್ಟತದ."

"ನನ್ನ ಚೀಲ ಒಡದಿದ್ದವೇನು?"

"ಇಲ್ಲಕ್ಕ. ರಕ್ತ ಸಿಗದೆ ಆ ಕೋಶಗಳೇ ಸತ್ತಿದ್ದವು. ಕೂಸು ಎಷ್ಟು ಚೀಪಿದರೂ ಬಿಡಾಕ ಅಲ್ಲಿ ಏನೂ ಇರಲಿಲ್ಲ."

ಅಕ್ಕ, "ಇದನ್ನ ನಮ್ಮ ಅತ್ತಿಯವರಿಗೆ ಹೇಳ್ತೀಯೇನು?" ಎಂದು ಕೇಳಿದಳು.

ಬ್ಯಾಡಗಿಗೆ ಹೋಗಿ ಹೇಳಿದೆ. ಅತ್ತೆ ಪೂರ್ತಿ ಕೇಳಿದರು. ಅಕ್ಕನ ಕೈ ಹಿಡಿದು, "ನನಗ ಗೊತ್ತಿರಲಿಲ್ಲ ಯವ್ವಾ" ಅಂದರು. ಅಂದಿನಿಂದ ಮೊಮ್ಮಗಳನ್ನು ತಾಯಿಯ ಹತ್ತಿರ ಮಲಗಿಸತೊಡಗಿದರು. ಹುಡುಗಿ ಮೊದಮೊದಲು ಎದ್ದು ಅಜ್ಜಿಯ ಕಡೆಗೇ ಹೋಗುತ್ತಿದ್ದಳು. ಬರಬರುತ್ತ ತಾಯಿಯ ಹತ್ತಿರವೇ ಉಳಿದಳು.

ಮುಂದಿನ ಮಳೆಗಾಲದಲ್ಲಿ ಅಕ್ಕನಿಗೆ ಜ್ವರ, ವಾಂತಿ. ನುಂಗಿದ ಗುಳಿಗೆ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಅಂಥ ಹೊತ್ತಿನಲ್ಲಿ ತಡಮಾಡದೆ ಆ ಹಾರ್ಮೋನಿನ ಇಂಜೆಕ್ಷನ್ ಕೊಡಿಸದಿದ್ದರೆ ಜೀವಕ್ಕೇ ಅಪಾಯವೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ನಾನೂ ಅತ್ತೆಯೂ ಅವಳನ್ನು ಗಾಡಿಯಲ್ಲಿ ಹಾವೇರಿಗೆ ಕರೆದೊಯ್ಯುವಾಗ ಮೋಟೆಬೆನ್ನೂರಿನ ಹತ್ತಿರ ಉಸಿರು ನಿಂತಿತು. ಅತ್ತೆ ಅವಳ ತಲೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಗಾಡಿ ತಿರುಗಿಸಿಕೊಂಡು ಹಾಗೆಯೇ ಬ್ಯಾಡಗಿಗೆ ಬಂದೆವು.