ಹದಿನೇಳನೇ ನಂಬರಿನ ಅಣಬೆ

ಬೆಳಿಗ್ಗೆ ಹನ್ನೊಂದಕ್ಕೆ ರುಚಿ ಮೇಷ್ಟ್ರು ಭಾವಮೈದುನನ ಪ್ರೆಸ್ಸಿನಲ್ಲಿ, ಕಾಗದ ಕತ್ತರಿಸುವ ಯಂತ್ರದ ಪಕ್ಕ ಸ್ಟೂಲಿನ ಮೇಲೆ ಕೂತು, ಹೊಸ ಹೋಟೆಲೊಂದರಲ್ಲಿ ಊಟ ಮಾಡುತ್ತಿದ್ದರು. ಅಂದರೆ ಆ ಹೋಟೆಲಿನ ಮೆನು ಕಾರ್ಡಿನ ಪ್ರೂಫ್ ಓದುತ್ತಿದ್ದರು. ಶಾಯಿ ಇನ್ನೂ ಆರಿರಲಿಲ್ಲ. ‘ಟೊಮೆಟೊ ಸೂಪು’ ಎಂಬ ಸಾಲಿನ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ, ತುಸು ಯೋಚಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: ‘ಸೂಪು ತೆಳು, ಆದರೆ ಪ್ರಾಮಾಣಿಕ.’

“ಭಾವ, ಕೈಯಿಡಬೇಡಿ, ಮಸಿ ಅಂಟುತ್ತೆ,” ಎಂದ ಭಾವಮೈದುನ.

“ಅಡುಗೆಯವನು ಯಾರೋ?”

“ಯಾರಿಗೆ ಗೊತ್ತು. ಆರ್ಡರ್ ಕೊಡೋಕೆ ಬಂದಿದ್ದವನ ಕೈ ಮಾತ್ರ ಚೊಕ್ಕಟವಾಗಿತ್ತು.”

ಮೇಷ್ಟ್ರು ಅದನ್ನೂ ಬರೆದುಕೊಂಡರು: ‘ಸ್ವಚ್ಛತೆ ಮೆಚ್ಚತಕ್ಕದ್ದು.’

ಈ ಊರಿನಲ್ಲಿ ಒಂದು ಕಾಲೇಜಿದೆ, ಒಂದು ರಂಗಮಂದಿರವಿದೆ, ಎರಡರ ನಡುವಿನ ಬೀದಿಯಲ್ಲಿ ನಲವತ್ತೆರಡು ಊಟದ ಜಾಗಗಳಿವೆ. ನಾಟಕ ಏಳೂವರೆಗೆ ಶುರು. ಹೊರಗಿನಿಂದ ಬಂದವರು ಆರು ಗಂಟೆಗೆ ಟಿಕೆಟ್ ಕಿಟಕಿಯಲ್ಲಿ ಕೇಳುವ ಮೊದಲ ಪ್ರಶ್ನೆ ನಾಟಕದ್ದಲ್ಲ, ಊಟದ್ದು. ಅವರ ಕೈಗೆ ‘ನಾಟಕಕ್ಕೆ ಮುಂಚೆ ಎಲ್ಲಿ ಊಟ?’ ಎಂಬ ಪುಸ್ತಿಕೆ ಬರುತ್ತದೆ. ಹದಿನೆಂಟು ವರ್ಷದಿಂದ ಅದನ್ನು ಬರೆಯುತ್ತಿರುವವರು ಮೇಷ್ಟ್ರು. ಅದಕ್ಕಾಗಿ ರಂಗಮಂದಿರದ ಸಮಿತಿ ಅವರಿಗೆ ಮೊದಲ ಸಾಲಿನ ಮೂರನೇ ಕುರ್ಚಿಯನ್ನು ಬಿಟ್ಟುಕೊಟ್ಟಿದೆ. ಠರಾವಿನಲ್ಲಿ ಒಂದೇ ಷರತ್ತು: ‘ಪುಸ್ತಿಕೆಯಲ್ಲಿ ಸುಳ್ಳು ಮಾಹಿತಿ ಕಂಡುಬಾರದಿರುವವರೆಗೆ.’

ಕುರ್ಚಿ ಬಿಟ್ಟರೆ ಅವರ ಬದುಕಿನಲ್ಲಿ ಬೇರೆ ಗಳಿಕೆ ಇಲ್ಲ. ಕಾಲೇಜಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದರು, ವಿಭಾಗದ ಮುಖ್ಯಸ್ಥರಾಗಲಿಲ್ಲ. ಒಂದು ನಾಟಕ ಬರೆದಿದ್ದರು. ಅದು ಒಂದು ಸಂಜೆ, ಸರಿಯಾಗಿ ಹೇಳಬೇಕೆಂದರೆ ಅರ್ಧ ಸಂಜೆ, ನಡೆಯಿತು. ಮಧ್ಯಂತರದಲ್ಲಿ ಊಟಕ್ಕೆ ಹೋದವರು ವಾಪಸ್ ಬರಲಿಲ್ಲ. ಈಗ ಪ್ರತಿ ಪ್ರದರ್ಶನಕ್ಕೂ ಐದು ನಿಮಿಷ ತಡವಾಗಿ ಬರುತ್ತಾರೆ. ಇಬ್ಬರು ಕಾಲು ಮಡಚಿ ದಾರಿ ಬಿಡಬೇಕು, ಹಿಂದಿನ ಸಾಲು ‘ಯಾರು?’ ಎನ್ನಬೇಕು. ಕುರ್ಚಿ ಹೋದರೆ ಕಂಬದ ಹಿಂದಿನ ಪಿಂಚಣಿದಾರರ ಬೆಂಚೇ ಗತಿ.

ಹದಿನಾಲ್ಕು ವರ್ಷದ ಹಿಂದೆ ಒಂದು ಹೋಟೆಲಿನಲ್ಲಿ ಮೀನು ತಿಂದು ಮೂರು ದಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಅಲ್ಲಿಂದೀಚೆಗೆ ಅವರು ಹೊರಗೆ ಒಂದು ತುತ್ತೂ ತಿಂದಿಲ್ಲ. ಮಧ್ಯಾಹ್ನ ಒಂದಕ್ಕೆ, ಸಂಜೆ ಆರೂವರೆಗೆ, ಹೆಂಡತಿ ಬೇಯಿಸಿದ ಮೆತ್ತನೆ ಅನ್ನ ಮತ್ತು ಸೋರೆಕಾಯಿ. ಪುಸ್ತಿಕೆ ಮಾತ್ರ ನಿಲ್ಲಲಿಲ್ಲ. ಊರಿನ ಮೆನು ಕಾರ್ಡುಗಳೆಲ್ಲ ಭಾವಮೈದುನನ ಪ್ರೆಸ್ಸಿನಲ್ಲೇ ಅಚ್ಚಾಗುತ್ತವೆ, ಅಷ್ಟು ಸಾಕಾಯಿತು.

“ಮೂವತ್ತು ವರ್ಷ ಸಮುದ್ರದ ಪಾಠ ಮಾಡಿದ್ರು,” ಎನ್ನುತ್ತಾರೆ ಹೆಂಡತಿ. “ಒಂದು ಅಲೆ ಕಂಡವರಲ್ಲ. ಸೋರೆಕಾಯಿ ತಿಂದು ಕೋಳಿ ಬಗ್ಗೆ ಬರೆಯೋದು ಅವರಿಗೆ ಯಾವ ದೊಡ್ಡ ಕಷ್ಟ?”

ಹದಿನೇಳನೇ ನಂಬರು ಪುಸ್ತಿಕೆಗೆ ಬಂದದ್ದು ಎರಡು ವರ್ಷದ ಹಿಂದೆ. ಹೆಸರು ‘ಹಿತ್ತಲ ಮೇಜು’. ವಿಳಾಸ, ರಂಗಮಂದಿರದ ಹಿಂದಿನ ಗಲ್ಲಿ, ಎಡಕ್ಕೆ ಮೂರನೇ ಬಾಗಿಲು, ಹಸಿರು ಷಟರ್. ಅಣ್ಣತಮ್ಮಂದಿರಿಬ್ಬರು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ಒಲೆ ತರುವ ಮೊದಲೇ ಮೆನು ಅಚ್ಚು ಹಾಕಿಸಲು ಕೊಟ್ಟಿದ್ದರು. ಮೇಷ್ಟ್ರು ಪ್ರೂಫ್ ಓದಿ ಬರೆದರು: ‘ಬೆಣ್ಣೆಯಲ್ಲಿ ಹುರಿದ ಅಣಬೆ ಈ ಊರಿಗೆ ಒಂದು ಪಾಠ. ಮಾತು ಕಡಿಮೆ, ಬೆಳಕು ಕಡಿಮೆ, ರುಚಿ ಹೆಚ್ಚು.’ ಅದೇ ವಾರ ಅಣ್ಣತಮ್ಮಂದಿರು ಜಗಳವಾಡಿ ಬೇರೆಯಾದರು. ಹೋಟೆಲು ತೆರೆಯಲೇ ಇಲ್ಲ. ಕಾರ್ಡಿನ ಕಟ್ಟುಗಳು ಪ್ರೆಸ್ಸಿನ ಮೇಜಿನಡಿ ಉಳಿದವು, ಮೇಷ್ಟ್ರು ಬಗ್ಗಿ ನೋಡಿದವರಲ್ಲ. ಖಾಲಿ ಕೋಣೆಯನ್ನು ರಂಗಮಂದಿರವೇ ಹಳೆಯ ನಾಟಕದ ಸಾಮಾನು ಇಡಲು ಬಾಡಿಗೆಗೆ ಹಿಡಿಯಿತು. ಆ ಕರಾರಿಗೆ ವರ್ಷವರ್ಷವೂ ಸಹಿ ಹಾಕುವವರು ಸಮಿತಿಯ ಅಧ್ಯಕ್ಷರಾದ ಹಲ್ಲಿನ ಡಾಕ್ಟರು. ಬೀಗದ ಕೈ ಟಿಕೆಟ್ ಕಿಟಕಿಯಲ್ಲಿ ಕೂರುವ ಹೆಂಗಸಿನ ಬೆನ್ನ ಹಿಂದೆ ಮೊಳೆಯಲ್ಲಿ ನೇತಾಡುತ್ತದೆ.

ಹುಡುಕಿಕೊಂಡು ಹೋಗಿ ಹಸಿವಿನಲ್ಲಿ ಮರಳಿದವರು ಜಗಳ ತೆಗೆಯುತ್ತಿದ್ದುದು ಆಕೆಯ ಹತ್ತಿರವೇ.

“ಮೇಷ್ಟ್ರೇ, ಹದಿನೇಳು ಮುಚ್ಚಿತ್ತಂತೆ.”

“ಇವತ್ತು ಸೋಮವಾರ ಅಲ್ವೇನಮ್ಮ, ವಾರದ ರಜೆ ಇರಬೇಕು.”

ಇನ್ನೊಮ್ಮೆ ಗುರುವಾರ ಹೇಳಿದರೂ ಅದೇ ಉತ್ತರ. ಆಕೆ ಹಳೇ ಟಿಕೆಟ್ಟಿನ ಹಿಂದೆ ದಿನ ಗುರುತು ಹಾಕುತ್ತ ಬಂದಳು. ಮೊದಲ ವರ್ಷ ಮುಗಿಯುವಷ್ಟರಲ್ಲಿ ವಾರದ ಏಳೂ ದಿನಗಳು ತುಂಬಿದ್ದವು.

ಊರಿನವರು ಮಾತ್ರ ದೂರು ತರಲಿಲ್ಲ. ಈ ಊರಿನಲ್ಲಿ ಓದದ ಪುಸ್ತಕವನ್ನು ‘ಮತ್ತೆ ಓದಬೇಕು’ ಎನ್ನುತ್ತಾರೆ, ಕಾಣದ ಹೋಟೆಲಿಗೆ ‘ಮತ್ತೆ ಹೋಗಬೇಕು’ ಎನ್ನುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕು. ನಾಟಕದ ನಿರ್ದೇಶಕರೊಬ್ಬರು ತಾಲೀಮಿನ ನಡುವೆ ನಿಟ್ಟುಸಿರು ಬಿಟ್ಟರು: “ನಾವು ಹೋಗ್ತಿದ್ದಾಗ ನಾಲ್ಕೇ ಮೇಜು. ಈಗ ಬರೀ ಜಾತ್ರೆ.” ತತ್ವಶಾಸ್ತ್ರದ ಉಪನ್ಯಾಸಕರಿಗೆ ಹಳೇ ಅಡುಗೆಯವನು ಬಿಟ್ಟುಹೋದ ದುಃಖ: “ಅಣಬೆ ಈಗ ಅಣಬೆಯಾಗಿ ಉಳಿದಿಲ್ಲ.” ತಾಯಿಯ ಪಾತ್ರಗಳನ್ನೇ ಮಾಡುವ ನಟಿಯೊಬ್ಬರು ಮಾಲೀಕ ತಮ್ಮನ್ನು ಕಂಡರೆ ಎದ್ದು ನಿಲ್ಲುತ್ತಾನೆ ಎಂದರು. ಹಲ್ಲಿನ ಡಾಕ್ಟರಿಗೆ ಅಲ್ಲಿ ಮೂಲೆಯ ಮೇಜು ಸದಾ ಖಾಲಿ ಇರುತ್ತಿತ್ತು. ಅದೊಂದು ನಿಜ.

ಈ ವರ್ಷ ಸಮಿತಿ ಊರಿನ ಅತ್ಯುತ್ತಮ ಹೋಟೆಲಿಗೆ ಫಲಕ ಕೊಡಲು ನಿರ್ಧರಿಸಿತು. ಆರಿಸಬೇಕಾದವರು ರಂಗಮಂದಿರದ ಸದಸ್ಯರು. ಕಿಟಕಿಯಲ್ಲಿ ಡಬ್ಬಿ ಇಟ್ಟರು. ನಲವತ್ತನಾಲ್ಕು ಚೀಟಿ ಬಿದ್ದವು. ಕಿಟಕಿಯ ಹೆಂಗಸು ಎರಡು ಸಲ ಎಣಿಸಿದಳು. ಹದಿನೇಳನೇ ನಂಬರಿಗೆ ಮೂವತ್ತೊಂದು. ಮಾಲೀಕರನ್ನು ವೇದಿಕೆಗೆ ಕರೆತರುವ ಕೆಲಸ ಮೇಷ್ಟ್ರ ಪಾಲಿಗೆ ಬಂತು.

ಅವರು ಖುಷಿಯಿಂದಲೇ ಆಕೆಯ ಬಳಿ ಬಂದರು. “ಮಾಲೀಕರ ಫೋನ್ ನಂಬರ್ ಏನಾದ್ರೂ ಇದೆಯೇನಮ್ಮ?”

“ಫೋನ್ ಯಾಕೆ ಸಾರ್, ಬೀಗದ ಕೈಯೇ ಇದೆ. ಬನ್ನಿ.”

ಆಕೆ ಹಸಿರು ಷಟರ್ ಎತ್ತಿದಳು. ಒಳಗೆ ಸಿಂಹಾಸನ, ಮುರಿದ ಮೆಟ್ಟಿಲು, ಸುತ್ತಿಟ್ಟ ಕಾಡು. ನಡುವೆ ಯಾವುದೋ ರಾಜನ ಔತಣದ ಉದ್ದ ಮೇಜು; ಅದರ ಮೇಲೆ ಬಣ್ಣ ಬಳಿದ ರಟ್ಟಿನ ಹಣ್ಣು, ರಟ್ಟಿನ ರೊಟ್ಟಿ. ತಟ್ಟೆಯಲ್ಲಿ ಒಂದು ಮೀನು.

“ಕೂತ್ಕೊಳ್ಳಿ ಸಾರ್,” ಎಂದಳು. “ಮೀನಿದೆ. ಹೊಟ್ಟೆ ಕೆಡಲ್ಲ, ರಟ್ಟಿನದು. ಅಣಬೆ ಮಾತ್ರ ಮುಗಿದಿದೆ.”

ಮೇಷ್ಟ್ರು ಇಂಗು ತಿಂದ ಮಂಗನಂತೆ ಮೀನನ್ನೇ ನೋಡುತ್ತ ನಿಂತರು. ಕೊನೆಗೆ, “ಯಾರಿಗೆಲ್ಲ ಗೊತ್ತು?” ಎಂದರು.

“ಹಸಿದವರಿಗೆಲ್ಲ ಗೊತ್ತು.”

ಮನೆಗೆ ಬಂದು ಹೆಂಡತಿಗೆ ಹೇಳಿದರು. ಆಕೆ ಸೋರೆಕಾಯಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. “ಹೋಗಿ ಒಪ್ಕೊಂಡುಬಿಡಿ. ಬೆಂಚಿನ ಮೇಲೆ ಕೂತ್ರೂ ನಾಟಕ ಕಾಣುತ್ತೆ.”

“ಕಂಬ ಅಡ್ಡ ಬರುತ್ತೆ ಕಣೇ.”

“ನಿಮಗೆ ಕಾಣದೆ ಇದ್ರೇನ್ರೀ, ಬರೀತೀರಲ್ಲ.”

ಮರುದಿನ ಹತ್ತಕ್ಕೆ ಮೇಷ್ಟ್ರು ಡಾಕ್ಟರ ಕ್ಲಿನಿಕ್ಕಿಗೆ ಹೋದರು. ಡಾಕ್ಟರು ಕಾಲೇಜಿನ ಲೈಬ್ರರಿಯನ್ನರ ಬಾಯಿಗೆ ಕೈ ಹಾಕಿದ್ದರು.

“ಡಾಕ್ಟ್ರೇ, ಆ ಹದಿನೇಳು... ಅದು ಇಲ್ಲ.”

“ಇಲ್ಲ ಅಂದ್ರೆ? ಮುಚ್ಚಿದ್ರಾ?”

“ತೆರೆದೇ ಇರಲಿಲ್ಲ.”

ಡಾಕ್ಟರು ಯಂತ್ರ ನಿಲ್ಲಿಸಿದರು. ಲೈಬ್ರರಿಯನ್ ಬಾಗಿ ಉಗುಳಿ, ಬಾಯೊರೆಸಿಕೊಂಡು, “ಅಣಬೆ ಚೆನ್ನಾಗಿರುತ್ತೆ,” ಎಂದು ಮತ್ತೆ ಬಾಯಿ ತೆರೆದರು.

“ನೋಡಿ,” ಎಂದರು ಡಾಕ್ಟರು. “ಮೊನ್ನೆ ತಾನೇ ನಾನು ಅಲ್ಲಿ ಊಟ ಮಾಡಿದ್ದೀನಿ.”

“ಎಲ್ಲಿ?”

“ಅಲ್ಲೇ ರೀ. ಮೂಲೆ ಮೇಜಿನಲ್ಲಿ.”

“ಅದು ನಮ್ಮದೇ ಗೋದಾಮು ಡಾಕ್ಟ್ರೇ. ಕರಾರಿಗೆ ನಿಮ್ಮದೇ ಸಹಿ.”

ಡಾಕ್ಟರು ಕೈಗವಸು ಕಳಚಿ, ಮಡಚಿ, ಬುಟ್ಟಿಗೆ ಹಾಕಿದರು. “ಮೂವತ್ತೊಂದು ಜನ ಸುಳ್ಳರು, ನೀವೊಬ್ಬರು ಸಾಚಾ ಅಂತಲೋ? ಆಯ್ತು. ಪುಸ್ತಿಕೆಯಲ್ಲಿ ಸುಳ್ಳಿದೆ ಅಂತ ಬರೆದುಕೊಡಿ. ಠರಾವು ಏನು ಹೇಳುತ್ತೆ ಅನ್ನೋದು ನಿಮಗೆ ಗೊತ್ತಲ್ಲ.”

ಮೇಷ್ಟ್ರು ಲೈಬ್ರರಿಯನ್ ಕೂತಿದ್ದ ಕುರ್ಚಿಯನ್ನು ನೋಡಿದರು. ಆಮೇಲೆ, “ಸುಳ್ಳು ಅಂತಲ್ಲ,” ಎಂದರು. “ಅಣಬೆ ಮಾತ್ರ ಸ್ವಲ್ಪ...”

“ಹಾಂ, ಮೊದಲಿನ ಹಾಗಿಲ್ಲ. ಅದನ್ನ ನಾನೂ ಒಪ್ತೀನಿ.”

ಲೈಬ್ರರಿಯನ್ ಬಾಯಿ ತೆರೆದುಕೊಂಡೇ ತಲೆಯಾಡಿಸಿದರು.

ಮೊದಲ ಪ್ರದರ್ಶನದ ಸಂಜೆ ಮಾಲೀಕರು ಊರಲ್ಲಿಲ್ಲ ಎಂದು ಘೋಷಿಸಿ, ಅವರ ಪರವಾಗಿ ಫಲಕವನ್ನು ಮೇಷ್ಟ್ರ ಕೈಗೆ ಕೊಟ್ಟರು. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಮೇಷ್ಟ್ರು ಅಣಬೆಯ ಬಗ್ಗೆ ಎರಡು ಮಾತಾಡಿ, ಇಳಿದು ಬಂದು ಮೂರನೇ ಕುರ್ಚಿಯಲ್ಲಿ ಕೂತರು. ಕುರ್ಚಿಯ ಠರಾವನ್ನು ಸಮಿತಿ ಇನ್ನೂ ಮೂರು ವರ್ಷಕ್ಕೆ ನವೀಕರಿಸಿದೆ. ಫಲಕ ಅವರ ಅಡುಗೆಮನೆಯಲ್ಲಿದೆ. ಹಾಲಿನ ಪಾತ್ರೆಗೆ ಸರಿಯಾಗಿ ಮುಚ್ಚುತ್ತದೆ ಎನ್ನುತ್ತಾರೆ ಹೆಂಡತಿ.

ಪುಸ್ತಿಕೆಯ ಹೊಸ ಆವೃತ್ತಿ ಈಗ ಪ್ರೆಸ್ಸಿನಲ್ಲಿದೆ. ಹದಿನೇಳನೇ ನಂಬರನ್ನು ಮೊದಲ ಪುಟಕ್ಕೆ ತಂದಿದ್ದಾರೆ. ಹೋದ ಮಂಗಳವಾರ ಕಿಟಕಿಯ ಹೆಂಗಸು ಪ್ರೆಸ್ಸಿಗೆ ಹೋಗಿ, ತನ್ನ ಹಳೇ ಟಿಕೆಟ್ಟುಗಳನ್ನು ಮೇಜಿನ ಮೇಲಿಟ್ಟು, ಆ ವಿವರದ ಕೊನೆಗೆ ಒಂದು ಸಾಲು ಸೇರಿಸಲು ಹೇಳಿದಳು. ಭಾವಮೈದುನ ಕೇಳಿಕೊಂಡು ನಕ್ಕು, ಸೇರಿಸಿದ: ‘ವಾರದ ರಜೆ: ಸೋಮ, ಮಂಗಳ, ಬುಧ, ಗುರು, ಶುಕ್ರ, ಶನಿ, ಭಾನು.’ ಆ ಸಾಲಿನ ಸಮೇತ ಪ್ರೂಫ್ ಮೇಷ್ಟ್ರ ಕೈಗೆ ಹೋಯಿತು. ಅವರು ಮೇಲಿನ ಸಾಲಿನಲ್ಲಿ ಒಂದು ಅಲ್ಪವಿರಾಮ ತಿದ್ದಿ ಸಹಿ ಹಾಕಿದ್ದಾರೆ. ಎಂಟುನೂರು ಪ್ರತಿಗಳು ಶುಕ್ರವಾರ ಕಿಟಕಿಗೆ ಬರುತ್ತವೆ.